ಎಲೆ ಸುಟ್ಟರೆ ಗಿಡ ಸತ್ತಂತಲ್ಲ!

ದೇವನೂರು: ಮಾಗಿ ಚಳಿ ಬಂತೆಂದರೆ ಕಡೂರು ಸೀಮೆಯ ಹಿತ್ತಲುಗಳಲ್ಲಿ ಒಂದೇ ಗೋಳು. ದಾಸವಾಳದ ಎಲೆ ಹಳದಿಯಾಗಿ ಉದುರುತ್ತದೆ. ಕ್ರೋಟನ್ ಗಿಡ ಬೋಳಾಗುತ್ತದೆ. ವರ್ಷವಿಡೀ ಹಸಿರಾಗಿದ್ದ ಪೊದೆಯ ತುದಿ ಕಪ್ಪಾಗುತ್ತದೆ. "ಹಿಮ ಬಡೀತು ಕಣ್ರೀ, ಇನ್ನು ಗಿಡ ಉಳಿಯಲ್ಲ" ಎಂದು ಗುದ್ದಲಿ ತರುವವರೂ ಉಂಟು. ಸ್ವಲ್ಪ ತಾಳಿ ಸ್ವಾಮಿ, ಗುದ್ದಲಿ ಮೂಲೆಗಿಡಿ.

ಕವಿ ಲಕ್ಷ್ಮೀಶನ ಈ ಊರು ಬಯಲುಸೀಮೆಯದು. ನಿಜವಾದ ಹಿಮ ನೋಡಬೇಕಾದರೆ ಡಿಸೆಂಬರ್, ಜನವರಿಯಲ್ಲಿ ಊಟಿಗೆ ಹೋಗಬೇಕು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹಾರಿ, ಬೆಳಗಾಗುವಷ್ಟರಲ್ಲಿ ಹುಲ್ಲಿನ ಮೇಲೆ ಉಪ್ಪು ಎರಚಿದಂತಿರುತ್ತದೆ. ತಣ್ಣನೆಯ ಗಾಳಿ ನೀರಿನ ಹಾಗೇ ತಗ್ಗಿಗೆ ಹರಿಯುವುದರಿಂದ ಕಣಿವೆಯ ಚಹಾ ಗಿಡಕ್ಕೇ ಹೆಚ್ಚು ಪೆಟ್ಟು. ಎಲೆಯೊಳಗಿನ ನೀರು ಗಡ್ಡೆಕಟ್ಟಿ, ಬಿಸಿಲೇರಿದಾಗ ಎಲೆ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ.

ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯದು. ಆಗಲೂ 7.8 ಡಿಗ್ರಿಗೇ ನಿಂತಿತು, ಸೊನ್ನೆ ಮುಟ್ಟಲಿಲ್ಲ. ಹಾಗಾದರೆ ನಮ್ಮ ಹಿತ್ತಲಲ್ಲಿ ಕಳ್ಳ ಯಾರು? ರಾತ್ರಿಯ ಚಳಿ, ಹಗಲಿನ ಒಣಗಾಳಿ, ಒಣಗಿದ ಮಣ್ಣು, ಈ ಮೂವರೂ ಸೇರಿ! ಎಲೆಯಿಂದ ನೀರು ಆರುತ್ತಲೇ ಇರುತ್ತದೆ, ತಣ್ಣಗಾದ ಬೇರು ಅಷ್ಟನ್ನು ಎಳೆದುಕೊಡಲಾರದು.

ಎಲೆ ಹೋದರೂ ಬೇರು ಉಳಿದಿರಬಹುದು, ಗುಟ್ಟು ಇರುವುದು ಅಲ್ಲೇ. 1975ರ ಜುಲೈನಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತ್ಯದಲ್ಲಿ ಹಿಮ ಬಿದ್ದು ಕಾಫಿ ತೋಟಗಳೆಲ್ಲ ಕಪ್ಪಾದವು. ಅಲ್ಲಿ ಜುಲೈ ಎಂದರೆ ಚಳಿಗಾಲ. 1977ರ ಹೊತ್ತಿಗೆ ಲೋಕದಲ್ಲೆಲ್ಲ ಕಾಫಿಯ ಬೆಲೆ ಗಗನಕ್ಕೇರಿತು. ಎಷ್ಟೋ ಬೆಳೆಗಾರರು ಗಿಡ ಕಿತ್ತು ಸೋಯಾ ಬಿತ್ತಿದರು. ಆದರೆ ಬುಡ ಜೀವಂತವಿದ್ದರೆ ಕಾಫಿ ಗಿಡವನ್ನು ಮೋಟಾಗಿ ಕಡಿದು ಬಿಟ್ಟರೂ ಹೊಸ ಚಿಗುರೊಡೆದು ಎರಡು ಮೂರು ವರ್ಷದಲ್ಲಿ ಫಸಲಿಗೆ ಬರುತ್ತದೆ. ಇದು ನಮ್ಮ ಚಿಕ್ಕಮಗಳೂರಿನ ತೋಟದವರಿಗೆ ಗೊತ್ತಿಲ್ಲದ್ದೇನಲ್ಲ.

ಹಿತ್ತಲ ಗಿಡಕ್ಕೂ ಅದೇ ನ್ಯಾಯ. ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ ಎಂದೇ ಅರ್ಥ. ಕಂದಾಗಿ ಒಣಗಿದ್ದರೆ ಕೆಳಕ್ಕೆ ಇಳಿಯುತ್ತಾ ಕೆರೆಯಿರಿ, ಬುಡದವರೆಗೂ ನೋಡದೆ ತೀರ್ಮಾನ ಬೇಡ. ಸುಟ್ಟ ಎಲೆಯನ್ನು ಕೂಡಲೇ ಕತ್ತರಿಸಲೂ ಬೇಡಿ, ಒಳಗಿನ ಎಳೆ ಮೊಗ್ಗಿಗೆ ಅದೇ ಹೊದಿಕೆ. "ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ" ಎನ್ನುತ್ತಾರಲ್ಲ, ಅದು ಹೋದ ಮೇಲೆ ಚಿಗುರು ಎಲ್ಲಿ ಕಾಣುತ್ತದೋ ಅಲ್ಲಿಗೆ ಸವರಿದರಾಯಿತು. ಮಲ್ಲಿಗೆಯನ್ನು ಹೂವಿಗಾಗಿ ಈ ಕಾಲದಲ್ಲಿ ಸವರುವ ರೂಢಿ ಬೇರೆ ಮಾತು, ಅದು ಗಟ್ಟಿಯಿರುವ ಗಿಡಕ್ಕೆ.

ಮುಂದಿನ ಮಾಗಿಗೆ ಈಗಲೇ ತಯಾರಿ ಬೇಕು. ಚಳಿ ಹಿಡಿಯುವ ಮುಂಚೆ ಯೂರಿಯಾ ಹಾಕಬೇಡಿ. ಅದರಿಂದ ಬರುವ ಎಳೆ ಚಿಗುರೇ ಮೊದಲು ಸುಡುವುದು. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಹಾಕಿ, ಸಂಜೆ ಎಲೆಯ ಮೇಲೆ ಬೇಡ. ತೇವದ ಮಣ್ಣು ಹಗಲಿನ ಕಾವನ್ನು ರಾತ್ರಿಗೆ ಇಟ್ಟುಕೊಳ್ಳುತ್ತದೆ. ಬುಡದ ಸುತ್ತ ತೆಂಗಿನ ಸಿಪ್ಪೆಯೋ ತರಗೆಲೆಯೋ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಕುಂಡಗಳನ್ನು ಗೋಡೆಯ ಮಗ್ಗುಲಿಗೆ ಸರಿಸಿ.

ಅಂಗಡಿಯವರಲ್ಲಿ ಖಾಲಿ ಗೋಣಿಚೀಲಕ್ಕೇನು ಬರವೇ? ನಾಲ್ಕು ಕೋಲು ನೆಟ್ಟು ಸಂಜೆ ಹೊದಿಸಿ, ಬಿಸಿಲು ಬಂದ ಮೇಲೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಮಾತ್ರ ಎಲೆಗೆ ತಾಗಬಾರದು, ತಾಗಿದ ಕಡೆ ಚಳಿ ನೇರವಾಗಿ ಹಿಡಿಯುತ್ತದೆ.

ಹತ್ತು ವರ್ಷದ ದಾಸವಾಳ ಕೀಳಲು ಹತ್ತು ನಿಮಿಷ ಸಾಕು. ಮತ್ತೆ ಅಷ್ಟು ಬೆಳೆಸಲು ಇನ್ನೊಂದು ಹತ್ತು ವರ್ಷ ಬೇಕಾಗುತ್ತದೆ. ಯುಗಾದಿವರೆಗೆ ಕಾದು ನೋಡಿ, ಆಗಲೂ ಚಿಗುರದಿದ್ದರೆ ಗುದ್ದಲಿ ಹೇಗೂ ಇದ್ದೇ ಇದೆ.