ಕುರ್ಲಾದ ಗಾಳಾದಲ್ಲಿ ಸೀಸದ ಎರಕ

ಕುರ್ಲಾ ಪಶ್ಚಿಮದ ಸ್ಟೇಷನ್ನಿನಿಂದ ಹೊರಬಿದ್ದು, ಶೇರ್ ರಿಕ್ಷಾದವರ ಕೂಗು, ಫುಟ್‌ಪಾತಿನ ಮೇಲಿನ ಮೊಬೈಲ್ ಕವರುಗಳ ಹಾಸು, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಹೋಗುವ ಬಸ್ಸಿನ ಸಾಲು ಎಲ್ಲವನ್ನೂ ದಾಟಿ ಸಿ.ಎಸ್.ಟಿ. ರಸ್ತೆಯ ಕಡೆಗೆ ಬಂದರೆ ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಹಳೆಯ ಗ್ರೀಸು, ಸುಟ್ಟ ರಬ್ಬರು, ವೆಲ್ಡಿಂಗಿನ ಹೊಗೆ, ನಡುವೆ ಎಲ್ಲಿಂದಲೋ ವಡಾಪಾವಿನ ಕಾದ ಎಣ್ಣೆ. ರಸ್ತೆಯ ಬದಿಗೆ ಕಾರಿನ ಬಾಗಿಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಬಂಪರುಗಳು ಮಾಡಿನಿಂದ ನೇತಾಡುತ್ತಿವೆ. ಬಿಚ್ಚಿಟ್ಟ ಎಂಜಿನ್ನಿನ ಮೇಲೆ ಕುಳಿತು ಹುಡುಗನೊಬ್ಬ ಕಟಿಂಗ್ ಚಹಾ ಕುಡಿಯುತ್ತಿದ್ದಾನೆ. ಸಾಂತಾಕ್ರೂಜ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಇಲ್ಲಿ ತಲೆಯ ಮೇಲೆಯೇ ಹಾದುಹೋಗುತ್ತವೆ. ಆ ಸದ್ದಿಗೆ ಬೀದಿಯ ಮಾತೆಲ್ಲ ಅರೆಗಳಿಗೆ ನಿಂತು, ಮತ್ತೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಫಿಯೆಟ್, ಪದ್ಮಿನಿ ಕಾರುಗಳನ್ನು ಕಟ್ಟಿದ್ದು ಈ ಕುರ್ಲಾದಲ್ಲೇ. ಕಾರು ಹುಟ್ಟಿದ ಊರಿನಲ್ಲಿ ಈಗ ಕಾರುಗಳನ್ನು ಬಿಚ್ಚುವ ಕೆಲಸ ಜೋರಾಗಿದೆ.

ಭಂಗಾರದ, ಅಂದರೆ ಗುಜರಿಯ, ಅಂಗಡಿಗಳ ಹಿಂದೆ, ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಗಲ್ಲಿಯಲ್ಲಿ, ತಗಡಿನ ಮಾಡಿನ ಗಾಳಾಗಳು, ಎಂದರೆ ಪುಟ್ಟ ವರ್ಕ್‌ಶಾಪುಗಳು, ಸಾಲಾಗಿವೆ. ಒಂದರಲ್ಲಿ ಲೇತು, ಒಂದರಲ್ಲಿ ಪಾಲಿಶ್ ಚಕ್ರ, ಇನ್ನೊಂದರಲ್ಲಿ ಹಿತ್ತಾಳೆಯ ನಲ್ಲಿಗಳ ರಾಶಿ. ಕೊನೆಯ ಗಾಳಾದ ಬಾಗಿಲಲ್ಲಿ, ಗಾಳಿ ಸರಿಯಾಗಿ ಆಡುವಲ್ಲಿ, ಗ್ಯಾಸಿನ ಒಲೆಯ ಮೇಲೆ ದಪ್ಪ ತಳದ ಕಬ್ಬಿಣದ ಪಾತ್ರೆ ಕುಳಿತಿದೆ. ಎದುರಿಗೆ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತವರು ಉಚ್ಚಿಲದ ಕಡೆಯ ಹಿರಿಯರು. ಹುಡುಗರಾಗಿ ಮುಂಬಯಿಗೆ ಬಂದು, ಟರ್ನರ್ ಕೆಲಸ ಕಲಿತು, ನಿವೃತ್ತರಾದ ಮೇಲೆ ಈ ಒಲೆ ಹಚ್ಚಿದವರು. ಇವರು ಎರಕ ಹೊಯ್ಯುವುದು ಬಲೆಯ ಗುಂಡು. ಬೀಸುಬಲೆಯ ಅಂಚಿಗೆ ಸಾಲಾಗಿ ಪೋಣಿಸುವ, ಬಲೆಯನ್ನು ನೀರಿನ ತಳಕ್ಕೆ ಇಳಿಸುವ ಸೀಸದ ಪುಟ್ಟ ಗುಂಡು. ಪಕ್ಕದಲ್ಲಿ ನಿಂತ ಸೋದರಳಿಯನಿಗೆ ಈ ಕೆಲಸ ಹೊಸದು. ಅವನು ಕಲಿಯುವುದನ್ನು ನೋಡುತ್ತ ನಾವೂ ಬಾಗಿಲ ಬದಿಗೆ ನಿಂತರೆ ಯಾರೂ ಬೇಡವೆನ್ನುವುದಿಲ್ಲ.

ಕೆಲಸ ಶುರುವಾಗುವುದು ಬೆಂಕಿಯಿಂದಲ್ಲ, ತುಂಡುಗಳನ್ನು ಆರಿಸುವುದರಿಂದ. ಗೋಣಿಯ ಮೇಲೆ ಸುರಿದ ರಾಶಿಯಲ್ಲಿ ಟೈರಿನ ಬ್ಯಾಲೆನ್ಸಿಂಗ್ ತುಂಡುಗಳಿವೆ, ಹಳೆಯ ಕೇಬಲ್ಲಿನ ಸೀಸದ ಹೊದಿಕೆಯಿದೆ, ಯಾವುದೋ ಮುದ್ರಣಾಲಯದ ಅಚ್ಚುಮೊಳೆಗಳಿವೆ. ಹಿರಿಯರು ಒಂದೊಂದನ್ನೇ ಎತ್ತಿ ಉಗುರಿನಿಂದ ಗೀರುತ್ತಾರೆ. ಮೆತ್ತಗೆ ಗೀರು ಮೂಡಿ ಒಳಗೆ ಬೆಳ್ಳಗೆ ಹೊಳೆದರೆ ಸೀಸ. ಅನುಮಾನವಾದರೆ ಸಿಮೆಂಟು ನೆಲಕ್ಕೆ ಬೀಳಿಸುತ್ತಾರೆ. ಸೀಸ ಧೊಪ್ಪೆಂದು ಬಿದ್ದು ಸುಮ್ಮನಾಗುತ್ತದೆ, ಸತು ಠಣ್ಣೆನ್ನುತ್ತದೆ. ಟೈರಿನ ತುಂಡುಗಳಲ್ಲಿ ಈಚೆಗೆ ಸತುವಿನವೂ ಬೆರೆತು ಬರುತ್ತವೆ. ಸೀಸ 327 ಡಿಗ್ರಿಗೆ ಕರಗಿದರೆ ಸತುವಿಗೆ 419 ಡಿಗ್ರಿ ಬೇಕು. ಹಾಗಾಗಿ ಕಾವು ಕಡಿಮೆಯಿದ್ದರೆ ಸತುವಿನ ತುಂಡು ಕರಗದೆ ಮೇಲೆ ತೇಲುತ್ತದೆ, ಎತ್ತಿ ಎಸೆಯಬಹುದು. ಅವಸರದಲ್ಲಿ ಉರಿ ಏರಿಸಿದರೆ ಅದೂ ಕರಗಿ ಬೆರೆತುಹೋಗುತ್ತದೆ. ಆಮೇಲೆ ಸೀಸ ಗಂಜಿಗಟ್ಟಿದಂತಾಗಿ ಅಚ್ಚಿನ ಮೂಲೆಗೆ ಹರಿಯುವುದೇ ಇಲ್ಲ. "ಒಂದು ತುಂಡು ಸಾಕು, ಇಡೀ ಪಾತ್ರೆ ಹಾಳು," ಎನ್ನುತ್ತಾರೆ ಹಿರಿಯರು. ಅಳಿಯ ತನ್ನ ಕೈಯಲ್ಲಿದ್ದುದನ್ನು ಇನ್ನೊಮ್ಮೆ ನೆಲಕ್ಕೆ ಬೀಳಿಸಿ ಕಿವಿಗೊಡುತ್ತಾನೆ.

ಆರಿಸಿದ ತುಂಡುಗಳು ತಣ್ಣಗಿನ ಪಾತ್ರೆಗೆ ಬೀಳುತ್ತವೆ, ಆಮೇಲೆಯೇ ಒಲೆ ಹತ್ತುತ್ತದೆ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ತಳದ ತುಂಡೊಂದು ಸದ್ದಿಲ್ಲದೆ ಕುಸಿಯುತ್ತದೆ, ಅದರ ಬದಿಯಲ್ಲಿ ಕನ್ನಡಿಯ ಚೂರಿನಂಥ ಹೊಳಪು ಕಾಣುತ್ತದೆ, ನೋಡುನೋಡುತ್ತಿದ್ದಂತೆ ರಾಶಿಯೆಲ್ಲ ಒಳಗಿಳಿದು ಬೂದು ಕಿಟ್ಟ ಮೇಲೇರುತ್ತದೆ. ಹಿರಿಯರು ಮೇಣದ ಚೂರೊಂದನ್ನು ಹಾಕಿ, ಒಣ ಕಟ್ಟಿಗೆಯಿಂದ ತಳಮುಟ್ಟ ಕಲಕುತ್ತಾರೆ. ಮೇಣ ಹೊಗೆಯಾಡಿ ಭುಗ್ಗೆಂದು ಉರಿಯುತ್ತದೆ. ಕಿಟ್ಟದಲ್ಲಿ ಸಿಕ್ಕಿಕೊಂಡ ತವರ ಮತ್ತು ಸೀಸ ಮತ್ತೆ ಪಾತ್ರೆಗೆ ಇಳಿಯುತ್ತವೆ. ಉಳಿಯುವುದು ಒಣ ಪುಡಿ. ಅದನ್ನು ತೂತಿನ ಸೌಟಿನಿಂದ ತೆಗೆದು ಮುಚ್ಚಳದ ಡಬ್ಬಿಗೆ ಹಾಕುತ್ತಾರೆ. ಕಾವು ನೋಡಲು ಥರ್ಮಾಮೀಟರೂ ಇದೆ, ಅದಕ್ಕಿಂತ ಹಳೆಯ ಉಪಾಯವೂ ಇದೆ. ಪೇಪರಿನ ಚೂರೊಂದನ್ನು ಮಡಚಿ ಅದ್ದಬೇಕು. ಕಂದು ತಿರುಗಿದರೆ ಸರಿ, ಹೊತ್ತಿಕೊಂಡರೆ ಅತಿಯಾಯಿತು. ಅಚ್ಚುಮೊಳೆ ಎರಕ ಹೊಯ್ಯುತ್ತಿದ್ದವರೂ ಇದನ್ನೇ ಮಾಡುತ್ತಿದ್ದರು.

ಇನ್ನು ಅಚ್ಚು. ಕಬ್ಬಿಣದ ಎರಡು ಹೋಳು, ಇಕ್ಕಳದಂಥ ಹಿಡಿಕೆ, ಒಳಗೆ ಆರು ಗುಳಿ. ಪ್ರತಿ ಗುಳಿಯ ನಡುವೆ ಒಂದು ಉಕ್ಕಿನ ಕಡ್ಡಿ ಹಾಯುತ್ತದೆ. ಗುಂಡಿಗೆ ದಾರದ ತೂತು ಬರುವುದು ಅದರಿಂದ. ಕಡ್ಡಿ ಒಂದು ತುದಿಯಲ್ಲಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಸಣ್ಣಗಿರಬೇಕು, ಇಲ್ಲದಿದ್ದರೆ ತಣಿದು ಕುಗ್ಗಿದ ಸೀಸ ಅದನ್ನು ಕಚ್ಚಿ ಹಿಡಿಯುತ್ತದೆ. ಹಿರಿಯರು ಎಣ್ಣೆದೀಪದ ಕುಡಿಯ ಮೇಲೆ ಅಚ್ಚಿನ ಎರಡೂ ಹೋಳನ್ನು ಹಿಡಿದು ತೆಳ್ಳಗೆ ಮಸಿ ಹಿಡಿಸುತ್ತಾರೆ. ಆ ಮಸಿಯ ಪೊರೆಯಿಂದ ಸೀಸ ಗುಳಿಯೊಳಗೆ ಬೇಗ ತಣಿಯುವುದಿಲ್ಲ, ಬಿಡಿಸುವಾಗ ಅಂಟುವುದೂ ಇಲ್ಲ. ಮಸಿ ದಪ್ಪವಾದರೆ ಮಾತ್ರ ಗಾಳಿ ಹೋಗುವ ಸಣ್ಣ ಗೀರುಗಳು ಮುಚ್ಚಿ, ಗುಂಡಿನ ಅಂಚು ತುಂಬದೆ ಬರುತ್ತದೆ.

ಮೊದಲ ಹೊಯ್ತ. ಸೌಟು ಬಾಗುತ್ತದೆ, ಬೆಳ್ಳಿಯ ದಾರದಂತೆ ಸೀಸ ಇಳಿಯುತ್ತದೆ, ಅಚ್ಚು ತೆರೆದರೆ ಆರೂ ಗುಂಡುಗಳ ಮೈ ಮುದುಡಿ ಸುಕ್ಕುಗಟ್ಟಿದೆ. ಅಳಿಯನ ಮುಖ ಬಾಡುತ್ತದೆ.

"ಅಚ್ಚಿಗೆ ಇನ್ನೂ ಕಾವು ಹಿಡಿಲಿಲ್ಲ ಮಾರಾಯ. ವಾಪಸ್ ಪಾತ್ರೆಗೆ ಹಾಕು, ಮೆಲ್ಲ."

ಎರಡನೆಯದೂ ಸುಕ್ಕು, ಮೂರನೆಯದರಲ್ಲಿ ಸ್ವಲ್ಪ ನಯ, ನಾಲ್ಕನೆಯದು ಹೊಳೆಯುತ್ತ ಬೀಳುತ್ತದೆ. ಆದರೆ ಒಂದು ಗುಳಿಯದು ಮಾತ್ರ ಎಷ್ಟು ಹೊಯ್ದರೂ ಸುಕ್ಕು ಬಿಡುವುದಿಲ್ಲ. ಹಿರಿಯರು ಅಚ್ಚನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಕಾವು ಬಂದಮೇಲೂ ಹೋಗದ ಸುಕ್ಕಿಗೆ ಕಾರಣ ಎಣ್ಣೆ. ತುಕ್ಕು ಹಿಡಿಯದಿರಲೆಂದು ಹಚ್ಚಿಟ್ಟ ಎಣ್ಣೆಯ ಸೋಂಕು ಆ ಮೂಲೆಯಲ್ಲಿ ಉಳಿದಿದೆ. ಅಚ್ಚು ತಣಿಸಿ, ಸೋಪಿನ ನೀರಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ, ಮತ್ತೆ ಮಸಿ ಹಿಡಿಸಿದ ಮೇಲೆಯೇ ಕೆಲಸ ಮುಂದೆ ಸಾಗುತ್ತದೆ.

ಒಂದು ಗಂಟೆಯಾಗುವಷ್ಟರಲ್ಲಿ ಕೈಗೆ ಲಯ ಸಿಕ್ಕಿದೆ. ಹೊಯ್ಯುವುದು, ತಡೆಯುವುದು, ಬಾಯಿ ಕತ್ತರಿಸುವುದು, ಕಡ್ಡಿ ಎಳೆಯುವುದು, ತೆರೆಯುವುದು. ಗೋಣಿಯ ಮೇಲೆ ಗುಂಡುಗಳು ಟಪಟಪನೆ ಬೀಳುತ್ತಿವೆ. ಲಯ ಸಿಕ್ಕಿದ್ದೇ ಅಳಿಯನ ಕೈ ಅವಸರ ಮಾಡುತ್ತದೆ, ಗುಂಡುಗಳು ಬೇರೆ ಬಗೆಯಲ್ಲಿ ಕೆಡುತ್ತವೆ. ಹೊಳಪು ಹೋಗಿ ಮೈಯೆಲ್ಲ ಮಂಜು ಹಿಡಿದಂತೆ ತರಿತರಿ: ಅಚ್ಚು ಅತಿಯಾಗಿ ಕಾದಿದೆ, ಬಿಡುವು ಕೊಡಬೇಕು. ಹೊಯ್ದ ಬಾಯಿಯ ಬಳಿ ಗುಳಿ: ಸೀಸ ಗಟ್ಟಿಯಾಗುವಾಗ ಕುಗ್ಗುತ್ತದೆ, ಆ ಜಾಗ ತುಂಬಲು ಬಾಯಿಯ ಮೇಲೆ ಒಂದಿಷ್ಟು ದ್ರವ ನಿಂತಿರಬೇಕು, ಅದು ಬಿಳುಪು ತಿರುಗುವ ಮೊದಲೇ ಕತ್ತರಿಸಿದರೆ ಪೊಳ್ಳು ಉಳಿಯುತ್ತದೆ. ಸೊಂಟದ ಸುತ್ತ ತೆಳ್ಳನೆಯ ರೆಕ್ಕೆ: ಎರಡು ಹೋಳುಗಳ ನಡುವೆ ಕಡಲೆಯ ಸಿಪ್ಪೆಗಿಂತ ತೆಳುವಾದ ಸೀಸದ ಚೂರೊಂದು ಸಿಕ್ಕಿ, ಅಚ್ಚು ಪೂರ್ತಿ ಮುಚ್ಚುತ್ತಿಲ್ಲ. ಹಿರಿಯರು ಕಟ್ಟಿಗೆಯ ತುದಿಯಿಂದ ಅದನ್ನು ಕೆರೆದು ತೆಗೆಯುತ್ತಾರೆ. ಅಲ್ಲಿ ಕಬ್ಬಿಣದ ಮೊಳೆ ಆಡಿಸಿದರೆ ಅಚ್ಚಿಗೇ ಗೀರು ಬಿದ್ದು, ಆ ರೆಕ್ಕೆ ಶಾಶ್ವತವಾಗುತ್ತದೆ.

ಕೆಲವು ಬಲೆಗಳಿಗೆ ತೂತಿನ ಗುಂಡು ಬೇಡ. ಬಾಯಿ ತೆರೆದ ಗುಂಡನ್ನು ಹಗ್ಗಕ್ಕೆ ಕೂರಿಸಿ ಇಕ್ಕಳದಲ್ಲಿ ಒತ್ತಿ ಮುಚ್ಚುತ್ತಾರೆ. ಅದಕ್ಕೆ ಮೆತ್ತನೆಯ ಸೀಸವೇ ಆಗಬೇಕು. ಅಚ್ಚುಮೊಳೆಯ ಲೋಹ ಬೆರೆಸಿದರೆ ಗುಂಡಿನ ಮೈ ಚೂಪಾಗಿ, ಚೆಂದವಾಗಿ ಬರುತ್ತದೆ. ಅದರಲ್ಲಿರುವ ತವರದಿಂದ ಹರಿವು, ಆ್ಯಂಟಿಮನಿಯಿಂದ ಗಡಸು. ಆದರೆ ಇಕ್ಕಳ ಒತ್ತಿದೊಡನೆ ಚಟ್ಟೆಂದು ಬಿರಿಯುತ್ತದೆ. ಹಾಗಾಗಿ ಆ ಮೊಳೆಗಳ ಡಬ್ಬಿಯನ್ನು ಬೇರೆಯೇ ಇಟ್ಟಿದ್ದಾರೆ. ಇಣುಕಿದರೆ ಕಾಣುವುದು ಉಲ್ಟಾ ಅಕ್ಷರಗಳು, ಒಂದೆರಡರಲ್ಲಿ ಇನ್ನೂ ಶಾಯಿಯ ಕಪ್ಪು.

ಇದೇ ಕೈಚಳಕದಲ್ಲಿ ಹಿಂದೆ ಕೊಡಗು, ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿಗೆ ಗುಂಡು ಹೊಯ್ಯುತ್ತಿದ್ದರು. ಸುಕ್ಕು, ಪೊಳ್ಳು, ರೆಕ್ಕೆ ಎಲ್ಲ ಅಲ್ಲಿಯೂ ಇವೇ. ಪೊಳ್ಳು ಗುಂಡು ನೇರ ಹಾರುವುದಿಲ್ಲ ಎಂಬುದಷ್ಟೇ ಹೆಚ್ಚಿನ ಚಿಂತೆ. ಈಗ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಬಲೆಯ ಗುಂಡಿಗೆ ಅಂಥ ತಡೆಯಿಲ್ಲ, ಕರಾವಳಿಯುದ್ದಕ್ಕೂ ಮನೆಯಂಗಳಗಳಲ್ಲಿ ಈ ಒಲೆಗಳು ಉರಿದಿವೆ.

ಮಳೆಗಾಲದಲ್ಲಿ ಹಿರಿಯರು ಒಲೆ ಹಚ್ಚುವುದು ಅಪರೂಪ. ಕಾರಣ ಕೇಳಿದರೆ ಎಡ ಮುಂಗೈ ತೋರಿಸುತ್ತಾರೆ, ಅಲ್ಲಿ ಬಿಳಿಯ ಚುಕ್ಕೆಗಳ ಸಾಲು. ಕರಗಿದ ಸೀಸದ ಒಳಗೆ ಒಂದು ಹನಿ ನೀರು ಸಿಕ್ಕಿದರೆ ಅದು ಒಮ್ಮೆಗೇ ಆವಿಯಾಗಿ ಸಾವಿರಾರು ಪಾಲು ಹಿಗ್ಗುತ್ತದೆ, ಪಾತ್ರೆಯಲ್ಲಿದ್ದುದು ಮಾಡಿಗೆ ಸಿಡಿಯುತ್ತದೆ. ಕುರ್ಲಾದಲ್ಲಿ ನೀರನ್ನು ದೂರ ಇಡುವುದು ಸುಲಭವಲ್ಲ. ಮೀಠಿ ನದಿ ಪಕ್ಕದಲ್ಲೇ ಹರಿಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ ಈ ಗಲ್ಲಿಗಳು ಮುಳುಗಿಹೋಗಿದ್ದವು. ಆದ್ದರಿಂದ ಇಲ್ಲಿಯ ಕಟ್ಟಳೆ: ಹೊಸ ತುಂಡು ಏನಿದ್ದರೂ ಮೊದಲು ಪಾತ್ರೆಯ ಅಂಚಿನಲ್ಲಿ ಕಾದು ಒಣಗಬೇಕು, ಸೌಟೂ ಹಾಗೆಯೇ. ಕಾಲಿಗೆ ಮುಚ್ಚಿದ ಬೂಟು, ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು. ನೀರಿನ ಬಾಟಲಿ ಹೊಸ್ತಿಲಿನಾಚೆ.

ಬಾಟಲಿ ಆಚೆಗಿರುವುದಕ್ಕೆ ಇನ್ನೊಂದು ಕಾರಣವಿದೆ. ಸೀಸ ತನ್ನ ತಪ್ಪುಗಳನ್ನೆಲ್ಲ ಗುಂಡಿನ ಮೈಮೇಲೆ ಬರೆದು ತೋರಿಸುತ್ತದೆ. ಎರಕದವನ ಮೈಯಲ್ಲಿ ಮಾಡುವ ಕೇಡನ್ನು ಮಾತ್ರ ತೋರಿಸುವುದಿಲ್ಲ. ಈ ಕಾವಿನಲ್ಲಿ ಸೀಸದ ಆವಿ ಕಡಿಮೆ. ಅಪಾಯ ಹೆಚ್ಚಾಗಿ ಇರುವುದು ಆ ಬೂದು ಕಿಟ್ಟದ ಪುಡಿಯಲ್ಲಿ, ಬೆರಳಿನ ಸಂದಿಯ ಕಪ್ಪಿನಲ್ಲಿ. ಆ ಕೈಯಲ್ಲಿ ಬೀಡಿ ಹಿಡಿದರೆ, ವಡಾಪಾವ್ ತಿಂದರೆ ಅದು ಹೊಟ್ಟೆಗೆ ಇಳಿಯಿತು. ರಕ್ತದಿಂದ ಎಲುಬಿಗೆ ಸೇರಿ ದಶಕಗಟ್ಟಲೆ ಉಳಿಯುತ್ತದೆ. ಅಂಗಿಗೆ ಹತ್ತಿದ ಪುಡಿ ಚಾಳಿನ ಒಂದೇ ಕೋಣೆಯ ಮನೆಗೆ ಬಂದರೆ, ನೆಲದ ಮೇಲೆ ಆಡುವ ಮಗುವಿನ ಬಾಯಿಗೆ ಹೋಗುತ್ತದೆ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಮಗುವಿನ ಮೈ ಹೀರಬಲ್ಲದು. ಇಷ್ಟಿದ್ದರೆ ಚಿಂತೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಇದನ್ನೇ ಊರೂರಿಗೆ ಹೇಳುತ್ತ ಬಂದವರು. ಜಾರ್ಜ್ ಫೌಂಡೇಷನ್ನಿನ ಜೊತೆ ನಡೆದ, 1999ರಲ್ಲಿ ಹೊರಬಂದ ಅಧ್ಯಯನ ಮುಂಬಯಿ, ಬೆಂಗಳೂರು ಸೇರಿದಂತೆ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷಿಸಿತು. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿದ ಸೀಸವಿತ್ತು. ಮರುವರ್ಷವೇ, 2000ದಲ್ಲಿ, ಸೀಸದ ಪೆಟ್ರೋಲು ದೇಶದಲ್ಲಿ ನಿಂತಿತು. ಈಗ ವಿಶ್ವ ಆರೋಗ್ಯ ಸಂಸ್ಥೆ 5 ಮೈಕ್ರೊಗ್ರಾಂ ಕಂಡರೇ ಮೂಲ ಹುಡುಕಿ ತಡೆಯಬೇಕೆನ್ನುತ್ತದೆ.

ಹಿರಿಯರಿಗೆ ಈ ಅಂಕಿಗಳು ಬಾಯಿಪಾಠವಿಲ್ಲ, ಆದರೆ ಅವರ ನಡೆ ಅದಕ್ಕೆ ಸರಿಯಾಗಿದೆ. ಹಿಂದೆ ಅಡುಗೆಮನೆಯ ಸ್ಟವ್ ಮೇಲೆಯೇ ಕರಗಿಸುತ್ತಿದ್ದರಂತೆ. ಮೊಮ್ಮಗಳು ಹುಟ್ಟಿದ ವರ್ಷ ಅದನ್ನು ಬಿಟ್ಟು ಗಾಳಾಕ್ಕೆ ಬಂದರು. ಮಧ್ಯಾಹ್ನದ ಊಟಕ್ಕೆ ಮೊದಲು ಇಬ್ಬರೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಾರೆ, ಅಂಗಿ ಬದಲಿಸುತ್ತಾರೆ, ಕೆಲಸದ ಅಂಗಿ ಮೊಳೆಗೆ ಇಲ್ಲೇ ತೂಗುತ್ತದೆ.

"ಮಾಮ, ಒಂದು ಚಾ ಕುಡಿದು ಆಮೇಲೆ ತೊಳೆದರೆ ಆಗುದಿಲ್ವಾ?"

"ಆಗುದಿಲ್ಲ."

ಹಳೆಯ ಬ್ಯಾಟರಿಯ ಪ್ಲೇಟುಗಳನ್ನು ಭಂಗಾರದವನು ಅಗ್ಗಕ್ಕೆ ಕೊಡುತ್ತೇನೆಂದರೂ ಇವರು ಮುಟ್ಟುವುದಿಲ್ಲ. ಅದರ ಪುಡಿ, ಆಮ್ಲ, ಅದರೊಳಗಿನ ಬೇರೆ ಲೋಹಗಳ ವಿಷಗಾಳಿ ಗಲ್ಲಿಯ ಒಲೆಗೆ ತಕ್ಕುದಲ್ಲ.

ಇಷ್ಟು ಎಚ್ಚರವಿರುವ ಮನುಷ್ಯನೂ ತನ್ನ ರಕ್ತವನ್ನು ಒಮ್ಮೆಯೂ ಪರೀಕ್ಷಿಸಿಕೊಂಡಿಲ್ಲ. ಸೀಸದ ವಿಷಬಾಧೆಯನ್ನು 1948ರ ಕಾರ್ಖಾನೆ ಕಾಯ್ದೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯ ಮೊದಲಲ್ಲೇ ಇಟ್ಟಿತು. ಇಬ್ಬರು ದುಡಿಯುವ ಗಾಳಾದವರೆಗೆ ಅಂಥ ಕಾಯ್ದೆಯ ಕೈ ಚಾಚುವುದಿಲ್ಲ. ಚಾಚಬೇಕಾದವರು ಮುಂಬಯಿ ಕನ್ನಡಿಗರಾದ ನಾವು. ಕುರ್ಲಾ ಪೂರ್ವದಲ್ಲಿ ಬಂಟರ ಭವನವಿದೆ. ಮೊಗವೀರರ ಮಂಡಳಿ ಮುಂಬಯಿಯಲ್ಲಿ ನೂರು ವರ್ಷ ದಾಟಿದೆ. ನಮ್ಮ ಸಂಘಗಳು ಕಣ್ಣು, ಸಕ್ಕರೆ, ರಕ್ತದೊತ್ತಡದ ಶಿಬಿರಗಳನ್ನು ಪ್ರೀತಿಯಿಂದ ನಡೆಸುತ್ತವೆ. ಆ ಮೇಜುಗಳ ಸಾಲಿನಲ್ಲಿ ಸೀಸದ ಪರೀಕ್ಷೆಗೂ ಒಂದು ಮೇಜು ಸೇರಲಿ. ಎರಕದವರು, ಬ್ಯಾಟರಿಯವರು, ಬೆಸುಗೆಯವರು, ಅವರ ಮನೆಯ ಮಕ್ಕಳು ಅಲ್ಲಿಗೆ ಬರಲಿ. ತೋಳಿನಿಂದ ತೆಗೆಯುವ ಸ್ವಲ್ಪ ರಕ್ತ ಸಾಕು, ಮುಂಬಯಿಯ ದೊಡ್ಡ ಲ್ಯಾಬುಗಳಲ್ಲಿ ಈ ಪರೀಕ್ಷೆ ಆಗುತ್ತದೆ. ಗುಂಡಿನ ಸುಕ್ಕಿಗೆ ಕಾರಣ ಹುಡುಕಲು ಅಚ್ಚನ್ನು ಬೆಳಕಿಗೆ ಹಿಡಿಯುವ ಈ ಜನ, ಲ್ಯಾಬಿನ ಚೀಟಿಯ ಅಂಕಿಯನ್ನೂ ಅಷ್ಟೇ ಶ್ರದ್ಧೆಯಿಂದ ಓದಿಕೊಳ್ಳುತ್ತಾರೆ, ಕಾರಣ ಹುಡುಕಿ ಸರಿಪಡಿಸಿಕೊಳ್ಳುತ್ತಾರೆ. ಆ ಚೀಟಿ ಅವರ ಕೈಗೆ ಸಿಗುವಂತೆ ಮಾಡುವುದಷ್ಟೇ ಬಾಕಿ.