ಕೈಗೆ ಸಿಗದ ಸೋಂಕು ಕಣ್ಣಿಗೆ ಬಿದ್ದ ಕತೆ

‘ಕೆಳಹೊಟ್ಟೆ ಎಳೆದ ಹಾಗೆ ನೋಯುತ್ತದೆ ಡಾಕ್ಟ್ರೇ, ಬಿಳಿ ಹೋಗುತ್ತದೆ, ರಾತ್ರಿ ಸ್ವಲ್ಪ ಜ್ವರವೂ ಬರುತ್ತದೆ.’ ಪುತ್ತೂರಿನಲ್ಲೋ ಸುಳ್ಯದಲ್ಲೋ ಕಡಬದಲ್ಲೋ ಒಬ್ಬ ಹೆಂಗಸು ಹೀಗೆ ಹೇಳಲು ಆಸ್ಪತ್ರೆಗೆ ಬರುವ ಹೊತ್ತಿಗೆ ನೋವು ಶುರುವಾಗಿ ವಾರವೇ ಕಳೆದಿರುತ್ತದೆ. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ನುಂಗಿ, ಅಡಿಕೆ ಸುಲಿಯುವ ಕೆಲಸ ಮುಗಿಯಲಿ ಎಂದು ತಡೆದು, ಕೊನೆಗೆ ಅತ್ತಿಗೆಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಬಂದಿರುತ್ತಾಳೆ. ವೈದ್ಯರು ಒಳಪರೀಕ್ಷೆ ಮಾಡಿ ಸ್ಕ್ಯಾನಿಂಗಿಗೆ ಬರೆದುಕೊಡುತ್ತಾರೆ. ಆ ಚೀಟಿಯ ಹಿಂದೆ ಹತ್ತಾರು ವರ್ಷಗಳ ಹುಡುಕಾಟವಿದೆ. ಅದರಲ್ಲಿ ನನ್ನ ಮನಸ್ಸಿಗೆ ಬಹಳ ನಾಟಿದ್ದು ಒಂದು ಸಂಗತಿ: ವೈದ್ಯರು ತಮ್ಮ ಕೈಯ ಅಂದಾಜನ್ನು ತಾವೇ ಪರೀಕ್ಷೆಗೆ ಒಡ್ಡಿದ ಮೇಲೆಯೇ ಈ ಹೆಂಗಸರ ನೋವಿಗೆ ಸರಿಯಾದ ದಾರಿ ತೆರೆಯಿತು.

ಯೋನಿಯಲ್ಲೋ ಗರ್ಭಕೊರಳಲ್ಲೋ ಇರುವ ರೋಗಾಣುಗಳು ಮೇಲೇರಿ ಗರ್ಭಕೋಶ, ಗರ್ಭನಾಳ, ಅಂಡಾಶಯಗಳನ್ನು ಹಿಡಿಯುವ ಸೋಂಕು ಇಂಥ ನೋವಿಗೆ ಒಂದು ಮುಖ್ಯ ಕಾರಣ. ಕ್ಲಮಿಡಿಯ, ಗೊನೋರಿಯಾದಂಥವು ಲೈಂಗಿಕ ಸಂಪರ್ಕದಿಂದ ಬರುತ್ತವೆ. ಹೆರಿಗೆ, ಗರ್ಭಪಾತಗಳ ನಂತರ ಹತ್ತುವ ಸೋಂಕೂ ಉಂಟು. ಆದ್ದರಿಂದ ನೋವು ಹೇಳಿಕೊಂಡ ಹೆಂಗಸಿನ ನಡತೆಯ ಮೇಲೆ ಕಣ್ಣು ಹಾಕುವುದು ದೊಡ್ಡ ಅನ್ಯಾಯ. ಸೋಂಕು ನಾಳದಲ್ಲಿ ಗಾಯದ ಕಲೆ ಉಳಿಸಿದರೆ ಮುಂದೆ ಮಕ್ಕಳಾಗುವುದು ಕಷ್ಟ, ನಾಳದಲ್ಲೇ ಗರ್ಭ ಕಟ್ಟುವ ಅಪಾಯವೂ ಹೆಚ್ಚು.

ಬಹುಕಾಲ ಇದನ್ನು ಗುರುತಿಸುತ್ತಿದ್ದದ್ದು ಬೆರಳ ತುದಿಯಿಂದ. ಗರ್ಭಕೊರಳನ್ನು ಅಲುಗಿಸಿದಾಗ ನೋವಾದರೆ ಸೋಂಕು ಎಂದು ತೀರ್ಮಾನ. ಸ್ವೀಡನ್ನಿನ ಲುಂಡ್ ಊರಿನ ಯಾಕೋಬ್ಸನ್ ಮತ್ತು ವೆಸ್ಟ್ರೋಮ್ ಎಂಬ ವೈದ್ಯರು, ಹೀಗೆ ಸೋಂಕೆಂದು ಅಂದಾಜಿಸಿದ 814 ಹೆಂಗಸರ ಹೊಟ್ಟೆಯೊಳಗೆ ಲ್ಯಾಪರೊಸ್ಕೋಪ್ ಎಂಬ ದರ್ಶಕ ಕೊಳವೆ ಇಳಿಸಿ ನೋಡಿ, 1969ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಂಕು ನಿಜವಾಗಿ ಕಂಡದ್ದು 532 ಮಂದಿಯಲ್ಲಿ, ಅಂದರೆ ನೂರರಲ್ಲಿ 65. ಇನ್ನು 98 ಮಂದಿಗೆ ಬೇರೆಯೇ ಕಾಯಿಲೆ. ಅಪೆಂಡಿಕ್ಸ್ ಊದಿದ್ದವರೂ ನಾಳದಲ್ಲಿ ಗರ್ಭ ಕಟ್ಟಿದ್ದವರೂ ಅವರಲ್ಲಿದ್ದರು. ಉಳಿದ 184 ಮಂದಿಯಲ್ಲಿ ಏನೂ ಕಾಣಲಿಲ್ಲ. ಅನುಭವಿ ಕೈಗಳೇ ಮೂರರಲ್ಲಿ ಒಂದು ಸಲ ತಪ್ಪುತ್ತಿದ್ದವು ಎಂಬುದು ಆ ಲೆಕ್ಕದಿಂದ ಬಯಲಾಯಿತು.

ಆದರೆ ಹೊಟ್ಟೆನೋವೆಂದು ಬಂದ ಪ್ರತಿಯೊಬ್ಬಳಿಗೂ ಅರಿವಳಿಕೆ ಕೊಟ್ಟು ಆಪರೇಷನ್ ಥಿಯೇಟರಿಗೆ ಒಯ್ಯಲಾದೀತೆ? ಕೊಯ್ಯದೆ ನೋಡುವ ದಾರಿ ಬೇಕಿತ್ತು. ಅದರ ಮೊದಲ ಹೆಜ್ಜೆ ಆಗಲೇ ಗ್ಲಾಸ್ಗೋದಲ್ಲಿ ಬಿದ್ದಾಗಿತ್ತು. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿ ರಾಡಾರ್ ಕಂಡಿದ್ದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್, 1955ರಲ್ಲಿ ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋದರು. ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡುವ ಶ್ರವಣಾತೀತ ತರಂಗದ ಯಂತ್ರ ಅಲ್ಲಿತ್ತು. ಹೋಲಿಸಿ ನೋಡಲು ಒಂದು ದೊಡ್ಡ ತುಂಡು ದನದ ಮಾಂಸವನ್ನೂ ಒಯ್ದಿದ್ದರು. ನೀರು ತುಂಬಿದ ಗೆಡ್ಡೆಯ ಪ್ರತಿಧ್ವನಿಯೇ ಬೇರೆ, ಗಟ್ಟಿ ಗೆಡ್ಡೆಯದೇ ಬೇರೆ ಎಂದು ಅಲ್ಲಿ ಖಚಿತವಾಯಿತು. ಮುಂದೆ ಟಾಮ್ ಬ್ರೌನ್ ಎಂಬ ಎಳೆಯ ಎಂಜಿನಿಯರ್ ಅವರ ಜೊತೆ ಸೇರಿ ಯಂತ್ರ ಕಟ್ಟಿದ. ಕ್ಯಾನ್ಸರೆಂದು ಆಸೆ ಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿ ಆ ಯಂತ್ರ ತೋರಿಸಿದ್ದು ಅಂಡಾಶಯದ ನೀರುಗೆಡ್ಡೆ. ಅದನ್ನು ತೆಗೆದರು, ಆಕೆ ಬದುಕಿದಳು. 1958ರ ಜೂನ್ 7ರ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಡೊನಾಲ್ಡ್, ಸಹವೈದ್ಯ ಮ್ಯಾಕ್‌ವಿಕಾರ್ ಮತ್ತು ಬ್ರೌನ್ ತಮ್ಮ ಲೇಖನ ಪ್ರಕಟಿಸಿದರು.

ಗೆಡ್ಡೆ ಕಾಣುವುದಕ್ಕೂ ನಾಳ ಕಾಣುವುದಕ್ಕೂ ಬಹಳ ಅಂತರ. ಆರೋಗ್ಯವಂತ ಗರ್ಭನಾಳ ಈ ತರಂಗದ ಸ್ಕ್ಯಾನಿಂಗಿನಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಊದಿಕೊಂಡಾಗ ಮಾತ್ರ ಗೋಚರವಾಗುತ್ತದೆ. ಹೊಟ್ಟೆಯ ಮೇಲಿಂದ ನೋಡಿದರೆ ಚರ್ಮ, ಕೊಬ್ಬು, ಕರುಳಿನ ಗಾಳಿ ಎಲ್ಲವೂ ಅಡ್ಡ. ತರಂಗದ ಕಂಪನಾಂಕ ಹೆಚ್ಚಿಸಿದರೆ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ತರಂಗ ಆಳಕ್ಕೆ ಇಳಿಯುವುದಿಲ್ಲ. ಹಾಗಾದರೆ ಉಪಕರಣವನ್ನೇ ಹತ್ತಿರ ಒಯ್ದರಾಯಿತು. ಯೋನಿಯೊಳಗೆ ಇಡುವ ಸಪೂರ ಪ್ರೋಬ್ 1980ರ ದಶಕದಲ್ಲಿ ಬಳಕೆಗೆ ಬಂತು. ಮೇಲಿನ ಸ್ಕ್ಯಾನಿಂಗಿಗೆ ನೀರು ಕುಡಿದು ಮೂತ್ರ ತಡೆದು ಕೂರಬೇಕು. ಇದಕ್ಕೆ ಮೂತ್ರಕೋಶ ಖಾಲಿಯಿರಬೇಕು. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ, ಮದುವೆಯಾದವರಿಗೂ ಒಪ್ಪಿಗೆ ಕೇಳಿಯೇ ಮಾಡಬೇಕು. ಜೊತೆಗೆ ಒಬ್ಬಳು ನರ್ಸ್ ನಿಂತು ಏನು, ಯಾಕೆ ಎಂದು ತುಳುವಿನಲ್ಲೋ ಅರೆಭಾಷೆಯಲ್ಲೋ ಎರಡು ಮಾತು ಹೇಳಿದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಆ ಪರದೆಯ ಮೇಲೆ ಏನನ್ನು ಹುಡುಕಬೇಕೆಂದು 1998ರಲ್ಲಿ ನ್ಯೂಯಾರ್ಕಿನ ಟಿಮೋರ್-ಟ್ರಿಟ್ಶ್ ಮತ್ತು ಸಂಗಡಿಗರು ಸ್ಪಷ್ಟವಾಗಿ ಬರೆದರು. ಹೊಸ ಸೋಂಕಿನಲ್ಲಿ ನಾಳದ ಗೋಡೆ 5 ಮಿಲಿಮೀಟರಿಗೂ ದಪ್ಪವಾಗಿ, ಒಳಮಡಿಕೆಗಳು ಊದಿ, ಅಡ್ಡಕೊಯ್ತದಲ್ಲಿ ಹಲ್ಲುಚಕ್ರದಂತೆ ಕಾಣುತ್ತದೆ. ಹಳೆಯ ಸೋಂಕಿನಲ್ಲಿ ಗೋಡೆ ತೆಳುವಾಗಿ, ಮಡಿಕೆಗಳ ಅವಶೇಷ ಮಣಿಸರದ ಮಣಿಗಳಂತೆ ಅಲ್ಲಲ್ಲಿ ಉಳಿಯುತ್ತದೆ. ಹೊಸದು ಯಾವುದು, ಹಳೆಯದು ಯಾವುದು ಎಂದು ಹೊಟ್ಟೆ ತೆರೆಯದೆ ಹೇಳುವುದು ಹೀಗೆ ಸಾಧ್ಯವಾಯಿತು. ಮರುವರ್ಷ ಹೆಲ್ಸಿಂಕಿಯ ಟುಕೇವ ಮತ್ತು ಸಂಗಡಿಗರು, ಲ್ಯಾಪರೊಸ್ಕೋಪಿಯಲ್ಲಿ ಸೋಂಕು ಖಚಿತವಾದ 21 ಮಂದಿಯಲ್ಲಿ ಎಂಆರ್‌ಐ 20 ಮಂದಿಯನ್ನೂ, ಒಳಗಿನಿಂದ ಮಾಡಿದ ಸ್ಕ್ಯಾನಿಂಗ್ 17 ಮಂದಿಯನ್ನೂ ಸರಿಯಾಗಿ ಗುರುತಿಸಿತೆಂದು ತೋರಿಸಿದರು. ಎಂಆರ್‌ಐ ಮುಂದಿದೆ ನಿಜ. ಆದರೂ ಸುಬ್ರಹ್ಮಣ್ಯದಿಂದಲೋ ಗುತ್ತಿಗಾರಿನಿಂದಲೋ ಬಸ್ಸು ಹತ್ತಿ ಬಂದವಳಿಗೆ ಮೊದಲು ಒದಗುವುದು ಸ್ಕ್ಯಾನಿಂಗೇ. ಅದನ್ನೇ ಚೆನ್ನಾಗಿ ಮಾಡಬಲ್ಲ ಕಣ್ಣು ತಾಲೂಕು ಊರುಗಳಲ್ಲಿ ತಯಾರಾಗಬೇಕು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿಸಿದ ವೈದ್ಯಕೀಯ ಕಾಲೇಜು ಇರುವುದು ಈ ದೃಷ್ಟಿಯಿಂದ ಈ ಸೀಮೆಯ ಭಾಗ್ಯ.

ಒಂದು ಅಪಾಯ ಮಾತ್ರ ಇದೆ. ‘ಸ್ಕ್ಯಾನಿಂಗ್ ನಾರ್ಮಲ್’ ಎಂದ ಕೂಡಲೇ ನೋವೇ ಸುಳ್ಳೆಂದು ಮನೆಗೆ ಕಳಿಸುವುದುಂಟು. ಆರಂಭದ ಸೋಂಕು ಸ್ಕ್ಯಾನಿಂಗಿಗೆ ಸಿಗದಿರಬಹುದು. ಬೇರೆ ಕಾರಣ ಕಾಣದೆ ಒಳಪರೀಕ್ಷೆಯಲ್ಲಿ ನೋವಿದ್ದರೆ ವರದಿಗೆ ಕಾಯದೆ ಆಂಟಿಬಯೋಟಿಕ್ ಶುರುಮಾಡಬೇಕೆಂಬುದೇ ಇಂದಿನ ವೈದ್ಯಕೀಯ ಸಲಹೆ. ಕಾರಣ ಮತ್ತೆ ಲುಂಡ್‌ನದೇ ಲೆಕ್ಕದಲ್ಲಿದೆ. ನಾಳ ಕೆಟ್ಟು ಬಂಜೆತನ ಬಂದವರು ಒಂದು ಸಲ ಸೋಂಕಾದವರಲ್ಲಿ ನೂರಕ್ಕೆ 8, ಎರಡು ಸಲ ಆದವರಲ್ಲಿ 19.5, ಮೂರು ಅಥವಾ ಹೆಚ್ಚು ಸಲ ಆದವರಲ್ಲಿ 40.

ಕೀವು ಕಟ್ಟಿದ ಕಡೆ ಸ್ಕ್ಯಾನಿಂಗ್ ಈಗ ಚಿಕಿತ್ಸೆಗೂ ಇಳಿದಿದೆ. ನಾರ್ವೆಯ ವೈದ್ಯರು 2005ರಲ್ಲಿ ವರದಿ ಮಾಡಿದಂತೆ, ಪ್ರೋಬಿನ ಜೊತೆಗೇ ಸೂಜಿ ಹಾಯಿಸಿ, ಪರದೆ ನೋಡುತ್ತ ಕೀವು ಎಳೆದು, ಆಂಟಿಬಯೋಟಿಕ್ ಕೊಟ್ಟು 302 ಹೆಂಗಸರಲ್ಲಿ 282 ಮಂದಿಯನ್ನು ದೊಡ್ಡ ಆಪರೇಷನ್ ಇಲ್ಲದೆ ಗುಣಪಡಿಸಿದರು.