ಹೊಳೆದಂಡೆಯ ಹೊಣೆ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಣಗಲಾದಿಂದ ನಸುಕಿನಲ್ಲಿಯೇ ಹೊರಟ ನಾವು ಸಂಕೇಶ್ವರ, ಹುಕ್ಕೇರಿಗಳನ್ನು ದಾಟಿ ಘಟಪ್ರಭೆಯ ದಂಡೆಯನ್ನು ಮುಟ್ಟುವ ವೇಳೆಗೆ ಎಳೆಬಿಸಿಲು ಮೂಡಿತ್ತು. ನನ್ನೊಡನೆ ಹದಿನಾರು ಮಂದಿ ವಿದ್ಯಾರ್ಥಿಗಳಿದ್ದರು. ವಲಸೆಹಕ್ಕಿಗಳ ವಿಷಯವನ್ನು ಅವರು ಪಾಠದಲ್ಲಿ ಓದಿದ್ದರು. ಓದಿದ್ದನ್ನು ಕಣ್ಣಾರೆ ಕಾಣಿಸಬೇಕೆಂಬುದು ನನ್ನ ಆಸೆ. ಬುತ್ತಿಯ ಗಂಟು, ಒಂದು ಹಳೆಯ ದುರ್ಬೀನು, ಒಂದೊಂದು ನೋಟುಬುಕ್ಕು: ಇಷ್ಟೇ ನಮ್ಮ ಪ್ರಯಾಣದ ಸಾಮಗ್ರಿ.

ನಾವು ಹೋದದ್ದು ಧೂಪದಾಳದ ಹಿನ್ನೀರಿಗೆ. ಇಲ್ಲಿಯ ಕಲ್ಲಿನ ಒಡ್ಡು ಮುಗಿದದ್ದು 1897ರಲ್ಲಿ. ಕಾಲುವೆಗೆ ನೀರು ತಿರುಗಿಸಿ ಬಯಲುಸೀಮೆಯ ಹೊಲಗಳನ್ನು ತಣಿಸಬೇಕೆಂಬುದಷ್ಟೇ ಅದನ್ನು ಕಟ್ಟಿದವರ ಉದ್ದೇಶ. ಆದರೆ ನೀರು ನಿಂತಲ್ಲಿ ಕೆಸರು, ಕೆಸರಿದ್ದಲ್ಲಿ ಹುಳ ಮೀನು, ಅವು ಇದ್ದಲ್ಲಿ ಹಕ್ಕಿ; ಕಟ್ಟಿದವರು ಎಣಿಸದಿದ್ದ ಅತಿಥಿಗಳು ತಾವಾಗಿಯೇ ಬಂದು ನೆಲೆಗೊಂಡರು. 1974ರಲ್ಲಿ ಸರಕಾರ ಇದನ್ನು ಪಕ್ಷಿಧಾಮವೆಂದು ಸಾರಿತು. ಅದರ ವಿಸ್ತೀರ್ಣ 29.78 ಚದರ ಕಿಲೋಮೀಟರು.

ನೀರಿಗೆ ಸಮೀಪದ ಒಂದು ಹೊಲದಲ್ಲಿ ಕ್ರೌಂಚಜಾತಿಯ ಕರ್ಕರ ಹಕ್ಕಿಗಳ ದೊಡ್ಡದೊಂದು ಹಿಂಡು ಇಳಿದಿತ್ತು. ಬೂದುಬಣ್ಣದ ಮೈ, ಕಪ್ಪು ಕೊರಳು, ಕಣ್ಣಿನ ಹಿಂದಿನಿಂದ ಇಳಿಬಿದ್ದ ಬಿಳಿಯ ಜುಟ್ಟು. ಮಧ್ಯ ಏಷ್ಯ, ಮಂಗೋಲಿಯಾಗಳ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಹಿಮಾಲಯದಂಥ ಹಿಮಾಲಯವನ್ನು ದಾಟಿ ಭರತಖಂಡಕ್ಕೆ ಚಳಿಗಾಲ ಕಳೆಯಲು ಬರುವ ಜಾತಿ ಇದು. ಮಕ್ಕಳು ಬೆರಗಾಗಿ ನಿಂತರು. ಹಿಂಡು ಒಮ್ಮೆಲೆ ಎದ್ದು ಹಾರುವುದನ್ನು ಅವರು ನೋಡಿದರೆ ಇನ್ನೂ ಚೆನ್ನಲ್ಲವೇ ಎನ್ನಿಸಿ ನಾನು ಎರಡೂ ಕೈ ಸೇರಿಸಿ ಜೋರಾಗಿ ಚಪ್ಪಾಳೆ ತಟ್ಟಿದೆ. ಹಿಂಡು ಕೂಗುತ್ತ ಮೇಲೆದ್ದಿತು. ಹುಡುಗರೂ ಚಪ್ಪಾಳೆ ತಟ್ಟಿದರು.

ಬದುವಿನ ಮೇಲೆ ಕುಳಿತಿದ್ದ ವಯಸ್ಸಾದ ರೈತರೊಬ್ಬರು ಎದ್ದು ನಮ್ಮತ್ತ ಬಂದರು.

"ಮಾಸ್ತರ್ರ, ಅವು ಹಸದು ಬಂದಾವ್ರಿ. ಕುಂತು ತಿನ್ನಾಕ ಬಿಡ್ರಿ. ಹಂಗ ಎಬ್ಬಸಬ್ಯಾಡ್ರಿ."

ನನಗೆ ತುಸು ಅವಮಾನವೆನಿಸಿತು. "ಅವು ತಿನ್ನೂದು ನಿಮ್ಮ ಹೊಲದ ಕಾಳs ಅಲ್ಲೇನ್ರಿ, ಅಜ್ಜಾರ? ಲುಕ್ಸಾನ ನಿಮಗs ಅಲ್ಲ?" ಎಂದೆ.

"ಸುಗ್ಗಿ ಮುಗದ ಹೊಲದಾಗ ತಿಂದ್ರ ಏನೂ ಇಲ್ರಿ. ನಿಂತ ಬೆಳಿಗೆ ಇಳದ್ರ ನಾನೂ ಓಡಸ್ತೀನಿ. ಆದ್ರ ನಾ ಓಡಸೂದು ಹೊಟ್ಟಿ ಸಲುವಾಗಿ, ನೀವು ಓಡಸೂದು ಮಜಾಕ್ಕ. ನೀವು ನೋಡಿ ಹೋಗಾವ್ರು, ನಾವು ಇಲ್ಲೇ ಇರಾವ್ರು."

ಮಕ್ಕಳ ಎದುರಿನಲ್ಲಿ ನಾನು ತಲೆ ತಗ್ಗಿಸಿದೆ. ಪಕ್ಷಿಯ ಪಾಠ ಹೇಳಲು ಬಂದವನು ನಾನು. ಪಾಠ ಹೇಳಿದವರು ಅವರು. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಚಳಿಗಾಲವೆಂಬುದು ವಿಹಾರದ ಕಾಲವಲ್ಲ. ಮರಳಿ ಹೋಗುವ ಹಾದಿಗೆ ಮೈಯಲ್ಲಿ ಕೊಬ್ಬನ್ನು ಕೂಡಿಡುವ ಕಾಲ. ನಮ್ಮ ಒಂದು ಚಪ್ಪಾಳೆ ಅದರ ಗಂಟಿನಿಂದ ಕದ್ದ ಒಂದು ಕಾಸು.

ಅದೇ ದಿನ ಮಧ್ಯಾಹ್ನ ಗೋಕಾಕ ಫಾಲ್ಸಿಗೆ ಹೋದೆವು. ಮಳೆಗಾಲದಲ್ಲಿ ಕೆಂಪಾಗಿ ಭೋರ್ಗರೆದು 52 ಮೀಟರು ಕೆಳಗೆ ಧುಮುಕುವ ಹೊಳೆ ಮಾಗಿಯಲ್ಲಿ ಬಂಡೆಯ ಮೇಲೆ ತೆಳುವಾಗಿ ಇಳಿಯುತ್ತಿತ್ತು. ತೂಗುಸೇತುವೆ, 1885ರಲ್ಲಿ ಹುಟ್ಟಿದ ಗಿರಣಿ, ಚಾಲುಕ್ಯರ ಕಾಲದ ಗುಡಿ ಎಲ್ಲವೂ ಮೊದಲಿನಂತೆಯೇ ಇದ್ದವು. ಬಂಡೆಗಳ ಸಂದಿನಲ್ಲಿ ಮಾತ್ರ ಪ್ಲಾಸ್ಟಿಕ್ ಚೀಲ, ಒಡೆದ ಬಾಟಲಿ, ಊಟದ ತಟ್ಟೆ. ಬೆಳಗಿನ ಮಾತು ನನ್ನ ಕಿವಿಯಲ್ಲಿ ಮತ್ತೆ ಮೊಳಗಿತು: ನೋಡಿ ಹೋಗುವವರು, ಇಲ್ಲೇ ಇರುವವರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ ಮನೆಮಠ ಕಳೆದುಕೊಂಡವರು ಇಲ್ಲೇ ಇರುವವರು. ಹೊಳೆಯ ಕೋಪವೂ ಅವರ ಪಾಲಿಗೆ, ಹೊಳೆಯ ಹೊಣೆಯೂ ಅವರ ಪಾಲಿಗೆ; ಅದರ ಚೆಲುವು ಮಾತ್ರ ನಮ್ಮ ಪಾಲಿಗೆ. ಇದು ನ್ಯಾಯವಾದ ಹಂಚಿಕೆಯೇ?

ದಂಡೆಯಲ್ಲಿ ಬಾಳುವವರು ಕೂಡಿ ನಿಂತರೆ ಏನಾಗುತ್ತದೆಂಬುದಕ್ಕೆ ನಿದರ್ಶನಗಳಿಲ್ಲದೆ ಇಲ್ಲ. ನಾವು ಕಂಡ ಕರ್ಕರ ಹಕ್ಕಿಗಳೇ ರಾಜಸ್ಥಾನದ ಖೀಚನ್ ಎಂಬ ಹಳ್ಳಿಗೂ ಚಳಿಗಾಲದಲ್ಲಿ ಸಾವಿರಗಟ್ಟಲೆ ಬಂದಿಳಿಯುತ್ತವೆ. ಅಲ್ಲಿಯ ಜನ ಬೇಲಿ ಹಾಕಿದ ಬಯಲೊಂದನ್ನು ಅವುಗಳಿಗಾಗಿಯೇ ಬಿಟ್ಟುಕೊಟ್ಟು, ದಿನವೂ ಕಾಳು ಚೆಲ್ಲಿ ಸಾಕುತ್ತಾರೆ. ಅದೇ ಹಕ್ಕಿ ಇಲ್ಲಿ ಒಬ್ಬಂಟಿ ರೈತನ ಹೊರೆ. ಅಲ್ಲಿ ಇಡೀ ಊರಿನ ಅತಿಥಿ.

ಅಷ್ಟು ದೂರವೇಕೆ? ನಮ್ಮ ನಾಡಿನದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಬಹುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಊರೊಳಗಿನ ಹುಣಿಸೆ, ಅರಳಿಮರಗಳ ಮೇಲೆ, ಮನೆಗಳ ನೆತ್ತಿಯ ಮೇಲೆಯೇ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಬಗೆಯುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ವಿದ್ವಾಂಸರ ಗಮನಕ್ಕೆ ತಂದರು. ಆದರೆ ಭಾವನೆಯೊಂದರಿಂದಲೇ ಮರ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಹಕ್ಕಿ ಕೂತ ಮರದಿಂದ ಹುಣಿಸೆಹಣ್ಣು ದಕ್ಕದು. ಬಡವನಿಗೆ ಅದು ಸಣ್ಣ ನಷ್ಟವಲ್ಲ. ಆದುದರಿಂದ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡು ಮಾಡಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ನೆರವಿನಿಂದ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ಉಣಿಸಿ, ರೆಕ್ಕೆ ಬಲಿತ ಮೇಲೆ ಬಿಡುವುದು ಅವರ ಕೆಲಸ. 2007ರಲ್ಲಿ ಬೆಳ್ಳೂರು ಸಮುದಾಯ ಮೀಸಲು ಎನ್ನಿಸಿತು. ಕಾಗದ ಬಂದದ್ದು ಕೊನೆಗೆ. ಬಳಗ ಬಂದದ್ದು ಮೊದಲು. ನಮ್ಮ ಧೂಪದಾಳದಲ್ಲಿ ಕಾಗದ 1974ರಲ್ಲಿಯೇ ಬಂದಿತು.

ನಮ್ಮವರಿಗೆ ಕೂಡಿ ದುಡಿಯುವುದು ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದ್ದು 1905ರಲ್ಲಿ. ನಮ್ಮ ಹುಕ್ಕೇರಿ ತಾಲೂಕಿನ ಜನ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿ ಹಳ್ಳಿಹಳ್ಳಿಗೆ ದೀಪ ಒಯ್ದರು; ಆ ಸಂಘ ಇಂದಿಗೂ ನಡೆದಿದೆ. ದೀಪಕ್ಕೆ ಷೇರು ಹಾಕಬಲ್ಲ ಜನ ಹೊಳೆದಂಡೆಗೆ ಹಾಕಲಾರರೇ? ದಾರಿಯೂ ಇಲ್ಲದೆ ಇಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಗ್ರಾಮ ಪಂಚಾಯತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಬಗೆಗಿನ ಜನರ ತಿಳಿವಳಿಕೆ ಇವೆಲ್ಲವನ್ನೂ ದಾಖಲೆ ಮಾಡಬೇಕು. ಬದುವಿನ ಮೇಲೆ ಕುಳಿತ ಆ ಹಿರಿಯರಂಥವರು ಅಂಥ ಸಮಿತಿಯಲ್ಲಿ ಕುಳಿತರೆ, ಆ ದಾಖಲೆಯ ಪುಟಗಳನ್ನು ನಮ್ಮ ಶಾಲೆಯ ಮಕ್ಕಳು ಬರೆದುಕೊಟ್ಟರೆ, ಕಾಯಿದೆಗೆ ಜೀವ ಬಂದಂತೆ.

ವಿಹಾರವೇ ತಪ್ಪೆಂದು ನಾನು ಹೇಳುತ್ತಿಲ್ಲ. ಹೊಳೆಯನ್ನು ಎಂದೂ ಕಾಣದ ಮಗು ಹೊಳೆಗಾಗಿ ಮರುಗಲಾರದು. ನೋಡಲು ಹೋಗಲೇಬೇಕು, ಆದರೆ ನೋಡುವವನೂ ಕಾಯುವವರ ಬಳಗಕ್ಕೆ ಸೇರಿದವನಾಗಿ ಹೋಗಬೇಕು. ಸುಗ್ಗಿಯಲ್ಲಿ ಬೆಳೆ ಕಳೆದುಕೊಂಡ ರೈತನ ಅರ್ಜಿಯನ್ನು ಬರೆದುಕೊಡುವುದು, ಅದನ್ನು ಕಚೇರಿಗೆ ಮುಟ್ಟಿಸುವುದು, ದಂಡೆಯ ಕಸ ಹೆಕ್ಕುವುದು, ಬಂದ ಹಕ್ಕಿಗಳನ್ನು ಎಣಿಸಿ ಬರೆದಿಡುವುದು: ಊರ ಹೊರಗಿನವರಾದ ನಮ್ಮಿಂದ ಆಗುವ ಕೆಲಸಗಳು ಇವು. ಯಾವ ದಾರಿಯಲ್ಲಿ ಜನ ನಡೆಯಬೇಕು, ಯಾವ ತಿಂಗಳು ಎಲ್ಲಿ ಕಾಲಿಡಬಾರದು ಎಂಬುದನ್ನು ತೀರ್ಮಾನಿಸುವ ಅಧಿಕಾರ ಮಾತ್ರ ಇಲ್ಲೇ ಇರುವವರದಾಗಬೇಕು.

ಮರುವರ್ಷ ಅದೇ ಕಾಲಕ್ಕೆ ಹೋದೆವು. ಈ ಸಲ ಮೊದಲು ಆ ಹಿರಿಯರ ಮನೆಗೆ ಹೋಗಿ, ಎಲ್ಲಿ ಕುಳಿತುಕೊಳ್ಳಬಹುದೆಂದು ಕೇಳಿದೆ. ಅವರು ತೋರಿಸಿದ ಜಾಲಿಯ ಮರೆಯಲ್ಲಿ ಒಂದು ತಾಸು ಸದ್ದಿಲ್ಲದೆ ಕುಳಿತೆವು. ಹಿಂಡು ಹಾರಲಿಲ್ಲ, ಮೇಯುತ್ತ ಮೇಯುತ್ತ ನಮ್ಮ ಹತ್ತಿರಕ್ಕೇ ಬಂದಿತು. ಹುಡುಗಿಯೊಬ್ಬಳು ನೂರಾ ಹನ್ನೆರಡರವರೆಗೆ ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಹೊರಡುವಾಗ ನೋಟುಬುಕ್ಕನ್ನು ಆ ಹಿರಿಯರಿಗೆ ತೋರಿಸಿದಳು. ಅವರು ಕಣ್ಣು ಕಿರಿದುಮಾಡಿ ನೋಡಿ, "ಹ್ವಾದ ವರ್ಸದ್ದೂ ಬರದಿಟ್ಟಿದ್ರ ಚಲೋ ಇತ್ತಲ್ಲವಾ ತಂಗಿ" ಎಂದರು.

ಹೋದ ವರ್ಷ ನಾವು ಎಣಿಸಿರಲಿಲ್ಲ, ಎಬ್ಬಿಸಿದ್ದೆವು.